ಭ್ರೂಣ ಎಲ್ಲಿ ನಿಂತು ಕಾಯುತ್ತೆ? ಮೊಟ್ಟೆ, ಶೇಂಗಾ, ಮೆಕ್ಕೆಜೋಳದ ಒಳಗಿನ ಲೆಕ್ಕ

[ದೃಶ್ಯ: ಬಿಳಿ ತಟ್ಟೆಯಲ್ಲಿ ನಾಟಿಕೋಳಿ ಮೊಟ್ಟೆ. ಪಕ್ಕದಲ್ಲಿ ಬೇರುಸಮೇತ ಕಿತ್ತ ಶೇಂಗಾ ಗಿಡ, ಕೆಂಪು ಮಣ್ಣು ಇನ್ನೂ ಅಂಟಿದೆ.]

ಈ ಮೊಟ್ಟೆ ಇಟ್ಟು ಮೂರು ದಿನ ಆಯ್ತು. ಒಳಗೆ 40ರಿಂದ 60 ಸಾವಿರ ಜೀವಕೋಶಗಳ ಒಂದು ಭ್ರೂಣ ಇದೆ. ಅದು ಬೆಳೀತಿಲ್ಲ, ಸತ್ತೂ ಇಲ್ಲ. ಈ ಶೇಂಗಾ ಗಿಡದಲ್ಲಿ ಸೂಜಿ ಥರ ಕೆಳಗೆ ನೇತಾಡ್ತಿದೆಯಲ್ಲ, ಚಳ್ಳಕೆರೆ ಕಡೆ ರೈತರು ‘ಊಡು’ ಅಂತಾರೆ, ಅದರ ತುದಿಯಲ್ಲೂ ಒಂದು ಭ್ರೂಣ ಇದೆ. ಅದರಲ್ಲಿ ಇರೋದು ಹತ್ತು ಹದಿನೈದು ಕೋಶ ಅಷ್ಟೇ. ಅದೂ ನಿಂತಿದೆ.

ಶಾಲೆಯ ಪುಸ್ತಕದ ಚಿತ್ರದಲ್ಲಿ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಒಂದೇ ಓಟಕ್ಕೆ ಮರಿಯೋ ಸಸಿಯೋ ಆಗಿಬಿಡುತ್ತೆ. ಹೊಲದಲ್ಲಿ, ಗೂಡಿನಲ್ಲಿ ಹಾಗಾಗಲ್ಲ. ಬಹಳಷ್ಟು ಭ್ರೂಣಗಳು ನಡುದಾರಿಯಲ್ಲಿ ನಿಲ್ಲುತ್ತವೆ, ಏನೋ ಒಂದಕ್ಕೆ ಕಾಯುತ್ತವೆ. ಯಾವುದಕ್ಕೆ ಅಂತ ಗೊತ್ತಿದ್ರೆ ಮರಿ ಯಾಕೆ ಒಡೀಲಿಲ್ಲ, ಕಾಯಿ ಯಾಕೆ ಜೊಳ್ಳಾಯ್ತು, ಬೀಜ ಯಾಕೆ ಹುಟ್ಟಲಿಲ್ಲ ಅನ್ನೋದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

[ದೃಶ್ಯ: ಮೊಟ್ಟೆ ಒಡೆದು ತಟ್ಟೆಗೆ. ಹಳದಿಯ ಮೇಲಿನ ಬಿಳಿ ಚುಕ್ಕೆ ಹತ್ತಿರದಿಂದ.]

ಅಂಗಡಿಯ ಫಾರಂ ಮೊಟ್ಟೆಯಲ್ಲಿ ಭ್ರೂಣ ಇರಲ್ಲ, ಆ ಫಾರಂನಲ್ಲಿ ಹುಂಜವೇ ಇರಲ್ಲ. ಕೆಲವು ಸಲ ಕಾಣೋ ರಕ್ತದ ಕಲೆಯೂ ಮರಿಯಲ್ಲ. ಹಳದಿ ಅಂಡಾಶಯದಿಂದ ಕಳಚುವಾಗ ಸಣ್ಣ ನಾಳ ಒಡೆದ ಗುರುತು. ಹುಂಜದ ಜೊತೆ ಬಿಟ್ಟ ಹೇಂಟೆಯ ಕತೆ ಬೇರೆ. ಒಮ್ಮೆ ಕೂಡಿದರೆ ಎರಡು ವಾರದಷ್ಟು ಕಾಲ ವೀರ್ಯಾಣು ಅದರ ಒಡಲಲ್ಲಿ ಜೀವಂತ ಇರುತ್ತೆ. ಹಳದಿ ಬಿಡುಗಡೆಯಾಗಿ ಕಾಲು ಗಂಟೆಯೊಳಗೆ, ಇನ್ನೂ ಬಿಳಿ ಲೋಳೆ ಸುತ್ತುವ ಮೊದಲೇ, ಫಲ ಕಟ್ಟಬೇಕು. ಆಮೇಲೆ ಮೊಟ್ಟೆ ಹೊರಬರೋಕೆ 24–26 ಗಂಟೆ. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟೋಕೇ ಹೋಗುತ್ತೆ. ತಾಯಿಯ ಮೈಯ 41 ಡಿಗ್ರಿ ಬಿಸಿಯಲ್ಲಿ ಅಷ್ಟು ಹೊತ್ತೂ ಕೋಶಗಳು ಒಡೀತಾನೇ ಇರುತ್ತವೆ. ಹೊರಗೆ ಬಿದ್ದು ತಣ್ಣಗಾದ ಮೇಲೆ, ಸುಮಾರು 20 ಡಿಗ್ರಿಗಿಂತ ಕೆಳಗೆ, ಎಲ್ಲವೂ ನಿಲ್ಲುತ್ತೆ.

ಚುಕ್ಕೆ ನೋಡಿ. ನಡುವೆ ತಿಳಿಯಾಗಿ, ಸುತ್ತ ಉಂಗುರದ ಹಾಗೆ, 4 ಮಿಲಿಮೀಟರ್ ಅಗಲ ಇದ್ರೆ ಫಲಿತ ಮೊಟ್ಟೆ. ಅಂಚು ಅಂಕುಡೊಂಕಾದ ಚಿಕ್ಕ ಗಟ್ಟಿ ಬಿಳಿ ಕಲೆ ಇದ್ರೆ ಗೊಡ್ಡು ಮೊಟ್ಟೆ.

ಕಾವಿಗೆ ಕೂರಿಸೋ ಮೊದಲು ಮೊಟ್ಟೆ ಕೂಡಿಡುವಾಗ 15ರಿಂದ 18 ಡಿಗ್ರಿ ಒಳ್ಳೇದು. ಚೂಪು ತುದಿ ಕೆಳಗಿರಲಿ, ಒಂದು ವಾರ ದಾಟಿಸಬೇಡಿ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಒಳಕೋಣೆಯೇ 30 ಡಿಗ್ರಿ ದಾಟುತ್ತೆ. ಆಗ ಭ್ರೂಣ ನಿಲ್ಲೋದೂ ಇಲ್ಲ, ಸರಿಯಾಗಿ ಬೆಳೆಯೋದೂ ಇಲ್ಲ. ಅರೆಬರೆ ಬೆಳೆದು ಸಾಯುತ್ತೆ. ಬೇಸಿಗೆಯಲ್ಲಿ ಬುಟ್ಟಿ ತುಂಬ ಮೊಟ್ಟೆ ಇಟ್ಟು ನಾಲ್ಕೇ ಮರಿ ಸಿಗೋದಕ್ಕೆ ಕೋಳಿಯನ್ನ ಬೈಯೋದರಲ್ಲಿ ಅರ್ಥ ಇಲ್ಲ. ಹಾಗಂತ ಫ್ರಿಜ್‌ನ 4 ಡಿಗ್ರಿಯೂ ಆಗಿಬರಲ್ಲ.

[ದೃಶ್ಯ: ಕಾವು ಪೆಟ್ಟಿಗೆ. ಉಷ್ಣಮಾಪಕದಲ್ಲಿ 37.6. ಪರದೆಯ ಮೇಲೆ ಗಂಟೆಗಳು ಓಡುತ್ತವೆ.]

ಪೆಟ್ಟಿಗೆಯಲ್ಲಿ 37.5ರಿಂದ 37.8 ಡಿಗ್ರಿ, ತೇವಾಂಶ ಶೇಕಡಾ 50–55. ನಿಂತಿದ್ದ ಗಡಿಯಾರ ಹೊರಡುತ್ತೆ. ಸುಮಾರು 18 ಗಂಟೆಗೆ ಚುಕ್ಕೆಯ ಮೇಲೆ ಉದ್ದಕ್ಕೆ ಒಂದು ಗೆರೆ ಮೂಡುತ್ತೆ. ತಲೆ ಯಾವ ಕಡೆ, ಬಾಲ ಯಾವ ಕಡೆ ಅನ್ನೋದು ಕಣ್ಣಿಗೆ ಕಾಣೋದು ಇಲ್ಲಿಂದ. ಒಂದು ದಿನಕ್ಕೆ ಬೆನ್ನುಮೂಳೆ ಆಗಬೇಕಾದ ಗಂಟುಗಳ ಮೊದಲ ಜೋಡಿ. 33–36 ಗಂಟೆಗೆ ಹೃದಯ ಬಡಿಯೋಕೆ ಶುರು. ರಕ್ತ ಇನ್ನೂ ಸರಿಯಾಗಿ ಓಡ್ತಿರಲ್ಲ, ಬಡಿತ ಮಾತ್ರ ಇರುತ್ತೆ. ಮೂರನೇ ದಿನ ರೆಕ್ಕೆ, ಕಾಲಿನ ಮೊಳಕೆ. ದಿನದ ಲೆಕ್ಕವನ್ನೇ ನಂಬಿ ಕೂತರೆ ಎಡವುತ್ತೀರಿ, ಯಾಕಂದ್ರೆ ಅರ್ಧ ಡಿಗ್ರಿ ಹೆಚ್ಚುಕಡಿಮೆಗೂ ಬೆಳವಣಿಗೆಯ ವೇಗ ಬದಲಾಗುತ್ತೆ. 1951ರಲ್ಲಿ ವಿಜ್ಞಾನಿಗಳಾದ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಕೋಳಿ ಭ್ರೂಣಕ್ಕೆ ಗಂಟೆ ಬಿಟ್ಟು ಆಕಾರ ನೋಡಿ 46 ಹಂತ ಗುರುತಿಸಿದ್ದು ಈ ಕಾರಣಕ್ಕೇ. ಇವತ್ತಿಗೂ ಪ್ರಯೋಗಾಲಯಗಳಲ್ಲಿ ಅದೇ ಪಟ್ಟಿ.

ದಿನಕ್ಕೆ 3 ಅಥವಾ 5 ಸಲ ಮೊಟ್ಟೆ ಹೊರಳಿಸಬೇಕು. ಭ್ರೂಣ ಹಳದಿಯ ಮೇಲೆ ತೇಲ್ತಿರುತ್ತೆ, ಒಂದೇ ಮಗ್ಗುಲಲ್ಲಿ ಬಿಟ್ಟರೆ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತೆ. ಬೆಸ ಸಂಖ್ಯೆ ಯಾಕೆ ಅಂದ್ರೆ ರಾತ್ರಿಯ ಉದ್ದ ಹೊತ್ತು ದಿನಾ ಅದೇ ಮಗ್ಗುಲಿಗೆ ಬೀಳಬಾರದು.

[ದೃಶ್ಯ: ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್.]

ಏಳನೇ ದಿನ ಟಾರ್ಚ್ ಹಿಡಿದು ನೋಡಿ. ಜೇಡನ ಕಾಲಿನ ಹಾಗೆ ರಕ್ತನಾಳ ಹರಡಿದ್ರೆ ಸರಿ. ನಾಳಗಳೆಲ್ಲ ಅಳಿಸಿ ಒಂದು ಕೆಂಪು ಉಂಗುರ ಮಾತ್ರ ಉಳಿದಿದ್ರೆ ಭ್ರೂಣ ಮೊದಲ ಕೆಲವೇ ದಿನಗಳಲ್ಲಿ ಸತ್ತಿದೆ, ಅದನ್ನ ತೆಗೆದುಬಿಡಿ. ಏನೂ ಕಾಣದೆ ತಿಳಿಯಾಗಿದ್ರೆ ಹೆಚ್ಚಾಗಿ ಗೊಡ್ಡು.

ಹದಿನೆಂಟನೇ ದಿನ ಹೊರಳಿಸೋದು ನಿಲ್ಲಿಸಿ, ತೇವಾಂಶ ಶೇಕಡಾ 65–70ಕ್ಕೆ ಏರಿಸಿ. ಅಷ್ಟರಲ್ಲಿ 50 ಗ್ರಾಂ ಮೊಟ್ಟೆ ಸುಮಾರು 6 ಗ್ರಾಂ ನೀರು ಕಳಕೊಂಡಿರಬೇಕು. ಆ ಜಾಗದಲ್ಲಿ ದಪ್ಪ ತುದಿಯ ಗಾಳಿಕೋಣೆ ದೊಡ್ಡದಾಗಿರುತ್ತೆ. ಮರಿ ಮೊದಲು ಕೊಕ್ಕು ತೂರಿಸೋದು ಚಿಪ್ಪಿಗಲ್ಲ, ಈ ಗಾಳಿಕೋಣೆಗೆ. ಮೊದಲ ಉಸಿರು ಅಲ್ಲೇ. ಮೊದಲ ಹದಿನೆಂಟು ದಿನ ತೇವಾಂಶ ಹೆಚ್ಚಾಗಿದ್ರೆ ಗಾಳಿಕೋಣೆ ಚಿಕ್ಕದಾಗಿ ಮರಿ ಒಳಗೇ ಉಸಿರುಗಟ್ಟುತ್ತೆ. ಕೊನೆಯಲ್ಲಿ ತೇವ ಕಡಿಮೆಯಾದ್ರೆ ಪೊರೆ ಒಣಗಿ ಮೈಗೆ ಬಿಗಿಯುತ್ತೆ. ಚಿಪ್ಪು ಬಿರುಕು ಬಿಟ್ಟು ಹೊತ್ತಾಯ್ತು ಅಂತ ಉಗುರು ಹಾಕಿ ಬಿಡಿಸೋಕೆ ಹೋಗಬೇಡಿ. ಪೊರೆಯಲ್ಲಿ ರಕ್ತ ಇನ್ನೂ ಹರೀತಿರಬಹುದು, ಉಳಿದ ಹಳದಿ ಹೊಟ್ಟೆಯೊಳಗೆ ಹೋಗದೇ ಇರಬಹುದು. ಹುಟ್ಟಿದ ಮರಿ ಎರಡು ದಿನ ಏನೂ ತಿನ್ನದೆ ಬದುಕೋದು ಆ ಹಳದಿಯಿಂದಲೇ.

[ದೃಶ್ಯ: ರೇಷ್ಮೆ ಮೊಟ್ಟೆಯ ಹಾಳೆ.]

ಕೋಳಿ ಭ್ರೂಣವನ್ನ ನಿಲ್ಲಿಸಿದ್ದು ತಂಪು. ದ್ವಿತಳಿ ರೇಷ್ಮೆಯ (ವರ್ಷಕ್ಕೆ ಎರಡು ಪೀಳಿಗೆ ಆಗೋ ತಳಿ) ಭ್ರೂಣ ಉಲ್ಟಾ: ಎಷ್ಟೇ ಬಿಸಿ ಕೊಡಿ, ಕದಲಲ್ಲ. ತಾಯಿ ಚಿಟ್ಟೆಯ ಹಾರ್ಮೋನು ಮೊದಲೇ ಬೀಗ ಹಾಕಿರುತ್ತೆ, ತಿಂಗಳುಗಟ್ಟಲೆ ಚಳಿ ಕಂಡ ಮೇಲೇ ಬೀಗ ತೆರೆಯೋದು. ನಮ್ಮಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು? ಅದಕ್ಕೇ ರೇಷ್ಮೆ ಮೊಟ್ಟೆ ತಯಾರಿಸೋ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆ ಇಟ್ಟ 20–24 ಗಂಟೆಗೆ, 1.075 ಸಾಪೇಕ್ಷ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲವನ್ನ 46 ಡಿಗ್ರಿಗೆ ಕಾಯಿಸಿ, ಸುಮಾರು 5 ನಿಮಿಷ ಅದ್ದಿ ತೆಗೆದು, ಆಮ್ಲದ ವಾಸನೆ ಹೋಗೋವರೆಗೆ ತೊಳೀತಾರೆ. ಭ್ರೂಣ ಹತ್ತು ಹನ್ನೊಂದು ದಿನದಲ್ಲಿ ಹುಳು ಆಗುತ್ತೆ. ಇದು ಕೋಠಿಯ ಕೆಲಸ, ಮನೆಯಲ್ಲಿ ಮಾಡೋದಲ್ಲ. ರೈತರ ಪಾಲಿಗೆ ಉಳಿಯೋದು 25 ಡಿಗ್ರಿ, ಶೇಕಡಾ 80–85 ತೇವಾಂಶ. ಮೊಟ್ಟೆಯಲ್ಲಿ ಕಪ್ಪು ತಲೆಯ ಚುಕ್ಕಿ ಕಂಡ ಮೇಲೆ ಕತ್ತಲಲ್ಲಿ ಮುಚ್ಚಿಟ್ಟು, ಒಡೆಯೋ ದಿನ ಬೆಳಗ್ಗೆ ಬೆಳಕಿಗೆ ತೆರೆದರೆ ಹುಳು ಎಲ್ಲ ಒಟ್ಟಿಗೆ ಏಳುತ್ತವೆ.

[ದೃಶ್ಯ: ಶೇಂಗಾ ಹೊಲ, ಬೆಳಗ್ಗೆ. ಹಳದಿ ಹೂ. ಕ್ಯಾಮೆರಾ ನೆಲದ ಮಟ್ಟಕ್ಕೆ ಇಳಿಯುತ್ತೆ.]

ಈಗ ಶೇಂಗಾ. ನಮ್ಮ ಕಣ್ಣಿಗೆ ಇದರಷ್ಟು ವಿಚಿತ್ರವಾದ ಭ್ರೂಣ ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಇನ್ನೊಂದಿಲ್ಲ. ಬಿತ್ತಿದ 25–30 ದಿನಕ್ಕೆ ಹೂ. ಬೆಳಗ್ಗೆ ಅರಳುತ್ತೆ, ತನ್ನದೇ ಪರಾಗದಿಂದ ಫಲ ಕಟ್ಟುತ್ತೆ, ಅದೇ ದಿನ ಬಾಡುತ್ತೆ. ಭ್ರೂಣ ಕೆಲವು ಸಲ ಒಡೆದು ಹತ್ತು ಹದಿನೈದು ಕೋಶ ಆದ ಮೇಲೆ ನಿಂತುಬಿಡುತ್ತೆ. ಆಮೇಲೆ ಬೆಳೆಯೋದು ಅದನ್ನ ಹೊತ್ತ ತೊಟ್ಟು. ಒಂದು ವಾರದಲ್ಲಿ ಊಡು ಕಣ್ಣಿಗೆ ಕಾಣುತ್ತೆ, ನೆಲದ ಕಡೆ ತಿರುಗುತ್ತೆ, ಮಣ್ಣಿಗೆ ಚುಚ್ಚಿ 4–6 ಸೆಂಟಿಮೀಟರ್ ಇಳಿಯುತ್ತೆ. ಅಲ್ಲಿ ಕತ್ತಲು, ತೇವ, ಮಣ್ಣಿನ ಒತ್ತಡ ಮೂರೂ ಸಿಕ್ಕಿದಾಗ ಊಡು ಉದ್ದ ಆಗೋದು ನಿಲ್ಲುತ್ತೆ, ತುದಿ ಅಡ್ಡಕ್ಕೆ ತಿರುಗಿ ಊದುತ್ತೆ, ಭ್ರೂಣ ಬಿಟ್ಟಲ್ಲಿಂದ ಮುಂದುವರಿಯುತ್ತೆ.

ಗಿಡದ ಮೇಲ್ಭಾಗದ ಹೂವಿನ ಊಡು ನೆಲ ಮುಟ್ಟೋದೇ ಕಷ್ಟ. 15 ಸೆಂಟಿಮೀಟರ್‌ಗಿಂತ ಎತ್ತರದಿಂದ ಹೊರಟದ್ದು ಹೆಚ್ಚಾಗಿ ಗಾಳಿಯಲ್ಲೇ ಒಣಗುತ್ತೆ, ಅದರ ಜೊತೆ ಭ್ರೂಣವೂ. ಗಿಡದ ಬುಡಕ್ಕೆ ಮಣ್ಣು ಏರಿಸೋದು ಈ ದೂರ ಕಡಿಮೆ ಮಾಡೋಕೆ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಮಳೆ ಹೋಗಿ ಬಿಸಿಲು ಬಿದ್ದರೆ ಮೇಲ್ಪದರ ಹೆಕ್ಕಳಿಕೆ ಕಟ್ಟಿ ಗಟ್ಟಿಯಾಗುತ್ತೆ, ಊಡು ಚುಚ್ಚೋಕೆ ಆಗಲ್ಲ. ಆದ್ದರಿಂದ ಎಡೆಕುಂಟೆ ಹೊಡೆಯೋದೆಲ್ಲ ಊಡು ಇಳಿಯೋ ಮೊದಲು ಮುಗೀಬೇಕು. 45 ದಿನದ ಮೇಲೆ ಕುಂಟೆ ಹಾಕಿದ್ರೆ ಕಳೆಯ ಜೊತೆ ಊಡೂ ಕಿತ್ತು ಬರುತ್ತೆ.

[ದೃಶ್ಯ: ಎರಡು ಕಾಯಿ ಒಡೆದು ತೋರಿಸುವುದು. ಒಂದು ತುಂಬಿದ್ದು, ಒಂದು ಜೊಳ್ಳು.]

ಜೊಳ್ಳಿಗೆ ದೊಡ್ಡ ಕಾರಣ ಸುಣ್ಣಾಂಶದ, ಅಂದ್ರೆ ಕ್ಯಾಲ್ಸಿಯಂನ, ಕೊರತೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಏರುತ್ತೆ, ಯಾಕಂದ್ರೆ ನೀರು ಆವಿಯಾಗೋದು ಎಲೆಯಿಂದ. ಮಣ್ಣೊಳಗಿನ ಕಾಯಿಗೆ ಆ ಸೆಳೆತ ಇಲ್ಲ. ಕಾಯಿ ತನಗೆ ಬೇಕಾದ್ದನ್ನ ಸುತ್ತಲಿನ ಮಣ್ಣಿಂದ, ತನ್ನ ಸಿಪ್ಪೆಯಿಂದಲೇ ಹೀರಬೇಕು. ಕ್ಯಾಲ್ಸಿಯಂ ಇರೋ ಜಿಪ್ಸಂ ಅನ್ನ ಎಕರೆಗೆ 200 ಕೆಜಿ, ಹೂವಾಡೋ ಹೊತ್ತಿಗೆ, 30–35 ದಿನಕ್ಕೆ, ಸಾಲಿನ ಬುಡಕ್ಕೆ ಹಾಕಿ ಮೇಲ್ಮಣ್ಣಲ್ಲಿ ಬೆರೆಸಿ ಅನ್ನೋದು ಇದಕ್ಕೆ. ಆಳಕ್ಕೆ ಹೋದ ಜಿಪ್ಸಂ ಕಾಯಿಗೆ ಸಿಗಲ್ಲ. ಕೊರತೆ ತೀರಾ ಹೆಚ್ಚಾದ್ರೆ ಭ್ರೂಣ ಸತ್ತು ಕಾಯಿ ಬರೀ ಸಿಪ್ಪೆ ಆಗುತ್ತೆ. ಸ್ವಲ್ಪ ಕೊರತೆ ಆದ್ರೆ ಬೀಜ ಹೊರಗಿಂದ ಚೆನ್ನಾಗೇ ಕಾಣುತ್ತೆ. ಸೀಳಿ ನೋಡಿದ್ರೆ ಎರಡು ಬೇಳೆಯ ನಡುವಿನ ಪುಟ್ಟ ಸುಳಿ ಕಪ್ಪಾಗಿರುತ್ತೆ. ಬಿತ್ತನೆಗೆ ಅದು ಬರಲ್ಲ.

ಮಣ್ಣೊಳಗೆ ಪೂರ್ತಿ ಬೆಳೆದ ಮೇಲೆ ಬೀಜ ಒಣಗ್ತಾ ಭ್ರೂಣ ಮತ್ತೆ ನಿಲ್ಲಬೇಕು. ನಮ್ಮ ಕಡೆ ಬಹಳ ವರ್ಷದಿಂದ ಬೆಳೀತಿರೋ ಟಿಎಂವಿ-2 ತಳಿಯಲ್ಲಿ ಆ ಎರಡನೇ ಬೀಗ ಇಲ್ಲ. ಸುಮಾರು 105 ದಿನಕ್ಕೆ ಕೀಳಬೇಕಾದ ಹೊತ್ತಲ್ಲಿ ಮಳೆ ಹಿಡಿದ್ರೆ ಕಾಯಿಯೊಳಗೇ ಮೊಳಕೆ.

[ದೃಶ್ಯ: ಮೆಕ್ಕೆಜೋಳದ ತೆನೆ, ಸಿಪ್ಪೆ ಸುಲಿದು. ತುದಿಯಲ್ಲಿ ಕಾಳಿಲ್ಲ.]

ದಾವಣಗೆರೆಗೆ ಬಂದರೆ ಮೆಕ್ಕೆಜೋಳ. ಇಲ್ಲಿ ಒಂದು ಕೂದಲಿಗೆ ಒಂದು ಕಾಳು, ಅಷ್ಟೇ ಲೆಕ್ಕ. ಸೂಲಂಗಿಯಿಂದ (ಗಿಡದ ತುದಿಯ ಗಂಡುಹೂವಿನಿಂದ) ಉದುರಿದ ಪರಾಗ ಕೂದಲಿಗೆ ಅಂಟಿ, ಅದರೊಳಗೆ ಒಂದು ಸಣ್ಣ ನಾಳ ಬಿಟ್ಟು, ಸುಮಾರು ಒಂದು ದಿನದಲ್ಲಿ ಬುಡ ತಲುಪುತ್ತೆ. ನಾಳದಲ್ಲಿ ಎರಡು ಗಂಡುಕೋಶ. ಒಂದು ಅಂಡಕ್ಕೆ ಸೇರಿ ಭ್ರೂಣ ಆಗುತ್ತೆ, ಇನ್ನೊಂದು ಪಕ್ಕದ ಎರಡು ಕೋಶಕೇಂದ್ರಗಳಿಗೆ ಸೇರಿ ಹಿಟ್ಟಿನ ಭಾಗ ಆಗುತ್ತೆ. ಹೂಗಿಡಗಳ ಈ ಜೋಡಿ ಫಲವನ್ನ 1898ರಲ್ಲಿ ಸಸ್ಯವಿಜ್ಞಾನಿ ನವಾಶಿನ್ ಲಿಲ್ಲಿ ಜಾತಿಯ ಗಿಡಗಳಲ್ಲಿ ಕಂಡರು. ನಾವು ರೊಟ್ಟಿ ಮಾಡೋ ಹಿಟ್ಟು ಭ್ರೂಣದ ಒಡಹುಟ್ಟು ಅಂದ್ರೂ ತಪ್ಪಲ್ಲ. ಶೇಂಗಾ ಭ್ರೂಣ ಈ ಒಡಹುಟ್ಟನ್ನ ಕಾಯಿಯಲ್ಲಿರುವಾಗಲೇ ತಿಂದು ಮುಗಿಸಿ ಬೇಳೆಯಲ್ಲಿ ತುಂಬಿಕೊಳ್ಳುತ್ತೆ. ಮೆಕ್ಕೆಜೋಳದ ಭ್ರೂಣ ಮೊಳಕೆವರೆಗೂ ಮುಟ್ಟಲ್ಲ. ತೆನೆಯ ತುದಿ ಬೋಳಾಗೋದಕ್ಕೆ ಒಂದು ಕಾರಣ, ತುದಿಯ ಕೂದಲು ಎಲ್ಲಕ್ಕಿಂತ ಕೊನೆಗೆ ಹೊರಬರೋದು. ಮಳೆ ಕೈಕೊಟ್ಟರೆ ಅದು ಇನ್ನೂ ತಡ, ಅಷ್ಟರಲ್ಲಿ ಪರಾಗ ಮುಗಿದಿರುತ್ತೆ.

ಕಾಳಿನ ಬುಡದಲ್ಲಿ ಕಪ್ಪು ಪದರ ಬಂತು ಅಂದ್ರೆ ತಾಯಿಯ ಊಟ ನಿಂತಿತು. ಆಗ ತೇವ ಶೇಕಡಾ 30–35, ಭ್ರೂಣದಲ್ಲಿ ಐದಾರು ಎಲೆಯ ಮೊಳಕೆ ಆಗಲೇ ಸಿದ್ಧ. ಬಿತ್ತನೆ ಬೀಜಕ್ಕೆ ಒಣಗಿಸೋದಾದ್ರೆ ಗಾಳಿಯ ಬಿಸಿ 40 ಡಿಗ್ರಿ ದಾಟದಿರಲಿ. ಹಸಿ ಕಾಳಿಗೆ ಹೆಚ್ಚು ಬಿಸಿ ತಾಗಿದ್ರೆ ಹಿಟ್ಟಿಗೇನೂ ಆಗಲ್ಲ, ಭ್ರೂಣ ಸಾಯುತ್ತೆ. ಶೇಕಡಾ 12ಕ್ಕೆ ಇಳಿದ ಮೇಲೆ ಚೀಲಕ್ಕೆ.

[ದೃಶ್ಯ: ಒದ್ದೆ ಗೋಣಿತಾಟಿನ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಬೀಜ.]

ಒಳಗಿನ ಭ್ರೂಣ ಕಾಯ್ತಿದೆಯೋ ಸತ್ತಿದೆಯೋ ಹೊರಗಿಂದ ಹೇಳೋಕಾಗಲ್ಲ. 100 ಬೀಜ ಎಣಿಸಿ, ಆರಿಸಬೇಡಿ, ಚೀಲದ ಮೇಲೆ ಕೆಳಗೆ ನಡುವೆ ಕೈಹಾಕಿ ಸಿಕ್ಕಿದ್ದನ್ನ ತೆಗೀರಿ. ಒದ್ದೆ ತಾಟಿನಲ್ಲಿ ಹರಡಿ, ಸುತ್ತಿ, ನೆರಳಲ್ಲಿಡಿ. ತೇವ ಇರಲಿ, ನೀರು ನಿಲ್ಲಬಾರದು. ನಿಂತರೆ ಉಸಿರುಕಟ್ಟಿ ಕೊಳೆಯುತ್ತೆ. ಏಳು ದಿನಕ್ಕೆ ಬೇರು, ಸುಳಿ ಎರಡೂ ನೆಟ್ಟಗೆ ಬಂದದ್ದನ್ನ ಮಾತ್ರ ಎಣಿಸಿ. ಪ್ರಮಾಣಿತ ಬೀಜಕ್ಕೆ ಇರಬೇಕಾದ ಮೊಳಕೆ, ಹೈಬ್ರಿಡ್ ಮೆಕ್ಕೆಜೋಳಕ್ಕೆ ಶೇಕಡಾ 90, ಶೇಂಗಾಕ್ಕೆ 70. ನಿಮ್ಮ ಮನೆಯ ಶೇಂಗಾ 60 ಬಂತು ಅಂದ್ರೆ, ಎಕರೆಗೆ 40 ಕೆಜಿ ಹಾಕೋ ಕಡೆ 47 ಕೆಜಿ ಬೇಕಾಗುತ್ತೆ.