ಮುತ್ಯಾಗೆ ಮರೆವು ಯಾವಾಗಿನಿಂದ?

ಎಲ್ಲರಿಗೂ ಶರಣು ಶರಣಾರ್ಥಿ. ಕಲಬುರಗಿಯ ಈ ಬಿಸಿಲಲ್ಲೂ ಇಷ್ಟು ಹಿರಿಯರು ಬಂದಿದ್ದೀರಿ. ಮಕ್ಕಳು, ಸೊಸೆಯಂದಿರೂ ಬಂದಿದ್ದಾರೆ. ಇವತ್ತಿನ ಮಾತು ಹೆಚ್ಚಾಗಿ ಅವರಿಗೇ.

ಮುತ್ಯಾ ಏನೋ ಬಡಬಡಿಸಿದರೆ "ವಯಸ್ಸಾಯ್ತಲ್ಲ, ಅರಳು ಮರಳು" ಅಂದು ಬಿಟ್ಟುಬಿಡುತ್ತೇವೆ. ನಾನು ಮೊದಲು ಕೇಳುವುದು ಒಂದೇ: ಯಾವಾಗಿನಿಂದ?

"ಮೊನ್ನೆಯಿಂದ" ಅಂದರೆ ಅದು ವಯಸ್ಸಿನ ಮರೆವಲ್ಲ. ವಯಸ್ಸೇನು ಮೊನ್ನೆ ಆಯ್ತಾ? ಹೀಗೆ ಒಂದೆರಡು ದಿನದಲ್ಲಿ ಬರುವ ಗೊಂದಲಕ್ಕೆ ಡಿಲಿರಿಯಂ ಅನ್ನುತ್ತಾರೆ. ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಇಳಿಯುವುದು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು, ಹೊಸದಾಗಿ ಶುರು ಮಾಡಿದ ಮಾತ್ರೆ, ಕೆಲವೊಮ್ಮೆ ಬರೀ ಮಲಬದ್ಧತೆಯಿಂದಲೂ ಬರುತ್ತದೆ. ನಮ್ಮ ಬೇಸಿಗೆಯಂತೂ ಗೊತ್ತೇ ಇದೆ, 42–43 ಡಿಗ್ರಿ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಮೇಲಾಗಿ ರಾತ್ರಿ ಏಳಬೇಕಾಗುತ್ತದೆ ಅಂತ ಬೇಕಂತಲೇ ನೀರು ಕಡಿಮೆ ಕುಡಿಯುತ್ತಾರೆ. ಸಂಜೆ ಹೊತ್ತಿಗೆ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅನ್ನುತ್ತಾರೆ, ಸತ್ತ ತಮ್ಮನನ್ನು ಕರೆಯುತ್ತಾರೆ, ಕೌದಿಯ ದಾರ ಕೀಳುತ್ತಾ ಕೂರುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಹೊರಡುತ್ತಾರೆ. ಕಟ್ಟಿಸಿ, ನಾನು ಜಗಳಕ್ಕೆ ಬರಲ್ಲ. ಆದರೆ ಮೊದಲು ಆಸ್ಪತ್ರೆ, ಅದೂ ಅವತ್ತೇ.

ಗಲಾಟೆ ಮಾಡುವವರನ್ನಾದರೂ ಕರೆತರುತ್ತಾರೆ. ಇದೇ ಡಿಲಿರಿಯಂ ಬಂದು ಸುಮ್ನೆ ಮಲಗಿಬಿಡುವವರೂ ಇದ್ದಾರೆ. "ಪಾಪ, ಆರಾಮಾಗಿ ನಿದ್ದೆ ಮಾಡ್ತಿದ್ದಾರೆ" ಅಂತ ಯಾರೂ ಎಬ್ಬಿಸುವುದಿಲ್ಲ. ನನಗೆ ಭಯ ಇವರದ್ದೇ ಜಾಸ್ತಿ.

"ಮೂರ್ನಾಲ್ಕು ತಿಂಗಳಿಂದ" ಅಂದರೆ ಖಿನ್ನತೆ ಇದೆಯಾ ಅಂತ ನೋಡುತ್ತೇವೆ. ಗಂಡ ತೀರಿಕೊಂಡಿರುತ್ತಾರೆ, ಮಗ ಹೈದರಾಬಾದಿಗೋ ಪುಣೆಗೋ ಹೋಗಿರುತ್ತಾನೆ. ಆಯಿ ಮಾತ್ರ ದುಃಖ ಅನ್ನುವ ಮಾತೇ ಎತ್ತುವುದಿಲ್ಲ. ಎದೆ ಉರಿ, ಕೈಕಾಲು ಸೇದುತ್ತದೆ, ರೊಟ್ಟಿ ಒಳಗೆ ಹೋಗಲ್ಲ ಅನ್ನುತ್ತಾರೆ. ಏನು ಕೇಳಿದರೂ "ನನಗೇನೂ ನೆನಪಿಲ್ಲಪ್ಪ". ಡಿಮೆನ್ಷಿಯಾ, ಅಂದರೆ ನಿಧಾನವಾಗಿ ಹೆಚ್ಚುತ್ತಾ ಹೋಗುವ ಮರೆವಿನ ಕಾಯಿಲೆ ಇರುವವರು ಸಾಮಾನ್ಯವಾಗಿ ಹೀಗೆ ಒಪ್ಪಿಕೊಳ್ಳುವುದಿಲ್ಲ, ಏನೋ ಒಂದು ಹೇಳಿ ಜಾರಿಕೊಳ್ಳುತ್ತಾರೆ. ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಎಷ್ಟೋ ಸಲ ನೆನಪೂ ಸುಧಾರಿಸುತ್ತದೆ.

"ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವೇ" ಅಂದಾಗ ಡಿಮೆನ್ಷಿಯಾ ನೆನಪಾಗಬೇಕು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ, ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು ಶೇ 7.4ರಷ್ಟು ಜನರಿಗೆ ಇದಿದೆ. ಆಗಲೂ ಮರೆವಿಗೆ ಬೇರೆ ಕಾರಣ ಇದೆಯಾ ಅಂತ ತಿಳಿಯಲು ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕಿವಿ ತೋರಿಸಿ. ಕೇಳಿಸದೇ ಇದ್ದದ್ದನ್ನು ಮರೆತರು ಅನ್ನುವುದು ಅನ್ಯಾಯ ಅಲ್ವಾ?

ಶಾಲೆಗೇ ಹೋಗದವರಿಗೆ "ಇವತ್ತು ತಾರೀಖೆಷ್ಟು" ಅಂತ ಕೇಳಿ ತಪ್ಪು ಹಾಕಬೇಡಿ. ಎಳ್ಳ ಅಮಾವಾಸ್ಯೆ ಆಗಿ ಎಷ್ಟು ದಿನ ಆಯ್ತು, ಈ ಸಲ ಚರಗ ಚೆಲ್ಲಲು ಯಾರ್ಯಾರು ಹೋಗಿದ್ರು ಅಂತ ಕೇಳಿ. ತೊಗರಿ ಮಾರಿದ ದುಡ್ಡಿನ ಲೆಕ್ಕ ತಪ್ಪುತ್ತಿದೆಯಾ, ದಿನಾ ಹೋಗುವ ಗುಡಿಯಿಂದ ಬರುವಾಗ ದಾರಿ ತಪ್ಪುತ್ತಿದೆಯಾ ನೋಡಿ. ಒಮ್ಮೆ ಕನ್ನಡಕ ಮರೆತರೆ ಗಾಬರಿ ಬೇಡ, ಅದು ನಾನೂ ಮರೆಯುತ್ತೇನೆ.

ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ದಿಢೀರ್ ಗೊಂದಲ ಬಂದರೆ ಫೋನ್ ಹಿಡಿದು ಕೂರಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ. ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತನ್ನಿ. ನಿದ್ದೆ ಮಾತ್ರೆ, ಮೆಡಿಕಲ್‌ನಲ್ಲಿ ಕೇಳಿ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಒಂದನ್ನೂ ಬಿಡಬೇಡಿ. ಈಗ ನೀವು ಕೇಳಿ.