ಮುಂಭಾರ, ಹಿಂಭಾರ: ಮನೆಯ ಕಂಪ್ಯೂಟರಿನಲ್ಲಿ ವಿಮಾನವನ್ನು ಹದಗೊಳಿಸುವುದು

ಕೇಳುಗರಿಗೆ ನಮಸ್ಕಾರ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಫ್ಲೈಟ್ ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುವ ಹುಡುಗ ಹುಡುಗಿಯರು ನನಗೆ ಗೊತ್ತಿರುವವರೇ ಹತ್ತಾರು ಮಂದಿ ಇದ್ದಾರೆ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ವಿಮಾನವು ಮೂಗೆತ್ತುತ್ತಿಲ್ಲ, ಅಥವಾ ಎತ್ತಿದ ಮೂಗನ್ನು ಇಳಿಸುತ್ತಿಲ್ಲ, ವಿಮಾನದ ಫೈಲಿನಲ್ಲಿ ಯಾವ ಅಂಕಿಯನ್ನು ಬದಲಿಸಬೇಕು? ನನ್ನ ಉತ್ತರವೂ ಒಂದೇ. ಮೊದಲು ತೂಕ ನೋಡಿ. ಎಷ್ಟು ತೂಕವಿದೆ ಎಂಬುದರ ಜೊತೆಗೆ ಅದು ಎಲ್ಲಿ ಕುಳಿತಿದೆ ಎಂಬುದನ್ನೂ ನೋಡಿ.

ನಮ್ಮ ತಂದೆಯವರು ಆಲೂಗಡ್ಡೆ ಮೂಟೆಗಳನ್ನು ಎತ್ತಿನ ಗಾಡಿಗೆ ಹೇರುವಾಗ ಕೊನೆಯ ಎರಡು ಮೂಟೆಗಳನ್ನು ಕೆಳಗೇ ಇಟ್ಟುಕೊಂಡು, ಮೊದಲು ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಮರವನ್ನು, ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಮುಂಭಾರವಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗವೇ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಆ ಎರಡು ಮೂಟೆಗಳು ಎಲ್ಲಿಗೆ ಹೋಗಬೇಕು ಎಂಬುದನ್ನು ಮೂಕಿಯೇ ಅವರಿಗೆ ಹೇಳುತ್ತಿತ್ತು. ವಿಮಾನಕ್ಕೂ ಇದೇ ಲೆಕ್ಕ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮೊದಲು ಹೊರಬಂದದ್ದು 1982ರಲ್ಲಿ. 2006ರ ಆವೃತ್ತಿ ಹಳೆಯ ಕಂಪ್ಯೂಟರಿನಲ್ಲೂ ಓಡುವುದರಿಂದ ನಮ್ಮ ಮಕ್ಕಳ ಬಳಿ ಇರುವುದು ಅದೇ. ಅದರಲ್ಲಿ ಪ್ರತಿಯೊಂದು ವಿಮಾನದ ಫೋಲ್ಡರಿನಲ್ಲೂ 'ಏರ್‌ಕ್ರಾಫ್ಟ್ ಡಾಟ್ ಸಿಎಫ್‌ಜಿ' ಎಂಬ ಫೈಲ್ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾರು ಬೇಕಾದರೂ ಓದಬಹುದು. ಅಲ್ಲಿ ಒಂದೊಂದು ಸೀಟಿಗೂ ನಾಲ್ಕು ಅಂಕಿಗಳಿರುತ್ತವೆ: ಮೊದಲನೆಯದು ಪೌಂಡುಗಳಲ್ಲಿ ತೂಕ, ಉಳಿದ ಮೂರು, ಒಂದು ಗೊತ್ತಾದ ಬಿಂದುವಿನಿಂದ ಆ ಸೀಟು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಎಷ್ಟು ಅಡಿ ದೂರದಲ್ಲಿದೆ ಎಂಬುದು. ಮುಂದಕ್ಕಿದ್ದರೆ ಪ್ಲಸ್, ಹಿಂದಕ್ಕಿದ್ದರೆ ಮೈನಸ್.

ಈ ಮೈನಸ್ ಚಿಹ್ನೆಯ ಕಥೆಯನ್ನು ಹೇಳಲೇಬೇಕು. ಶಿಡ್ಲಘಟ್ಟದಲ್ಲಿರುವ ನನ್ನ ತಂಗಿಯ ಮಗ ಒಂದು ಭಾನುವಾರ ಬೆಳಗ್ಗೆಯೇ ಫೋನ್ ಮಾಡಿ, "ಮಾವ, ಸೆಸ್ನಾ ನೆಲ ಬಿಡ್ತಾನೇ ಇಲ್ಲ" ಎಂದ. ಸೆಸ್ನಾ 172 ಎಸ್ ಸುಮಾರು 55 ನಾಟ್, ಅಂದರೆ ಗಂಟೆಗೆ ನೂರು ಕಿಲೋಮೀಟರಿನಷ್ಟು, ವೇಗದಲ್ಲಿ ಮೂಗೆತ್ತಬೇಕಾದ ವಿಮಾನ. ಇವನದು 80 ದಾಟಿದರೂ ರನ್‌ವೇ ಮೇಲೆ ಉಜ್ಜಿಕೊಂಡೇ ಓಡುತ್ತಿತ್ತು. ಅವನು ಏನು ಮಾಡಿದ್ದ ಗೊತ್ತೇ? ಎಲಿವೇಟರಿನ, ಅಂದರೆ ಮೂಗನ್ನು ಎತ್ತಿ ಇಳಿಸುವ ಬಾಲದ ರೆಕ್ಕೆಯ, ಬಲವನ್ನು ಸೂಚಿಸುವ 1.0 ಎಂಬ ಅಂಕಿಯನ್ನು 1.5 ಮಾಡಿ, ಅದೂ ಸಾಲದೆ 2.0 ಮಾಡಿದ್ದ. ವಿಮಾನವೇನೋ ಏಳತೊಡಗಿತು. ಆದರೆ ಹಿಂದಿನ ಸೀಟುಗಳನ್ನು ಖಾಲಿ ಮಾಡಿ ಒಬ್ಬನೇ ಹಾರಿಸಿದಾಗ, ಸ್ಟಿಕ್ ಮುಟ್ಟಿದ ಕೂಡಲೇ ಸೂತ್ರ ಹರಿದ ಗಾಳಿಪಟದಂತೆ ಮೇಲಕ್ಕೆ ಚಿಮ್ಮಿ ಕೆಳಗೆ ಬಿತ್ತು.

ನಾನು ಆ ಸಂಜೆ ಅವನ ಮನೆಗೆ ಹೋಗಿ ಫೈಲ್ ತೆರೆಸಿದೆ. ಹಿಂದಿನ ಎರಡು ಸೀಟುಗಳಿಗೆ ಮೈನಸ್ 6 ಇರಬೇಕಾದಲ್ಲಿ ಬರೀ 6 ಇತ್ತು! ತೂಕ ಬದಲಿಸಿ ಬರೆಯುವಾಗ ಆ ಚಿಕ್ಕ ಗೀಟನ್ನು ಅಳಿಸಿಬಿಟ್ಟಿದ್ದ. ಅಂದರೆ ತಲಾ 170 ಪೌಂಡಿನ ಇಬ್ಬರು ಪ್ರಯಾಣಿಕರು ಹಿಂದಿನ ಸೀಟಿನಿಂದ 12 ಅಡಿ ಮುಂದಕ್ಕೆ ಹೋಗಿ ಎಂಜಿನ್ನಿಗಿಂತಲೂ ಆಚೆ ಗಾಳಿಯಲ್ಲಿ ಕುಳಿತಿದ್ದರು. ಕಾಗದದ ಮೇಲೆ ಲೆಕ್ಕ ಹಾಕಿಸಿದೆ: 340 ಪೌಂಡನ್ನು 12 ಅಡಿಯಿಂದ ಗುಣಿಸಿದರೆ 4080, ಅದನ್ನು ವಿಮಾನದ ಪೂರ್ಣ ತೂಕವಾದ 2550 ಪೌಂಡಿನಿಂದ ಭಾಗಿಸಿದರೆ 1.6 ಅಡಿ, ಸುಮಾರು 19 ಅಂಗುಲ. ಪೂರ್ಣ ತೂಕದಲ್ಲಿ ಈ ವಿಮಾನದ ಗುರುತ್ವಕೇಂದ್ರಕ್ಕೆ, ಅಂದರೆ ಇಡೀ ತೂಕ ಸಮತೂಗುವ ಬಿಂದುವಿಗೆ, ಹಿಂದೆ ಮುಂದೆ ಸರಿಯಲು ಇರುವ ಅವಕಾಶವೇ ಸುಮಾರು ಆರು ಅಂಗುಲ. ಹುಡುಗ ಆ ಕಾಗದವನ್ನೇ ನೋಡುತ್ತಾ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಗೀಟನ್ನು ಹಾಕಿ, ಎಲಿವೇಟರನ್ನು ಮತ್ತೆ 1.0ಕ್ಕೆ ತಂದೆವು. ವಿಮಾನ 55ಕ್ಕೆ ಸರಿಯಾಗಿ ಮೂಗೆತ್ತಿತು. ಅವನ ಮುಖದ ಸಂತೋಷ ನನಗೆ ಇನ್ನೂ ನೆನಪಿದೆ.

ಆದ್ದರಿಂದ, ದಯವಿಟ್ಟು, ಎಲಿವೇಟರಿಗೆ ಮೊದಲು ಕೈ ಹಾಕಬೇಡಿ. ಮೊದಲು ತೂಕ ನೋಡಿ. ಮುಂಭಾರದ ಗಾಡಿಗೆ ಬಲವಾದ ಎತ್ತು ಕಟ್ಟಿದರೆ ಗಾಡಿ ನೆಟ್ಟಗಾಗುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಚಕ್ರಗಳು ನೆಲದಲ್ಲಿ ಹೂತಂತೆ ಕಂಡರೆ ಅದೇ ಫೈಲಿನ 'ಕಾಂಟ್ಯಾಕ್ಟ್ ಪಾಯಿಂಟ್ಸ್' ಭಾಗದಲ್ಲಿ ಚಕ್ರದ ಎತ್ತರವನ್ನು ತಿದ್ದಿ. ದೇವನಹಳ್ಳಿಯಿಂದ ಏರುವಾಗ ಎಂಜಿನ್ ಸೊರಗಿದಂತೆ ಕಂಡರೆ ಅದು ಫೈಲಿನ ತಪ್ಪಲ್ಲ; ಆ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ, ಬೇಸಿಗೆಯ ಮಧ್ಯಾಹ್ನ ಗಾಳಿ ಇನ್ನೂ ತೆಳುವಾಗಿರುತ್ತದೆ. ಏನನ್ನೇ ತಿದ್ದುವ ಮೊದಲು ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಒಮ್ಮೆಗೆ ಒಂದೇ ಅಂಕಿಯನ್ನು ಬದಲಿಸಿ, ಹಾರಿಸಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ವಿಮಾನದ ಫೈಲನ್ನು ತೆರೆದು, ಒಂದೊಂದು ಸೀಟಿನ ಎರಡನೆಯ ಅಂಕಿಯ ಮೇಲೂ ಬೆರಳಿಟ್ಟು, ಹಿಂದಿನ ಸೀಟಿಗೆ ಮೈನಸ್ ಇದೆಯೇ ಎಂದು ನೋಡಿ. ನಮಸ್ಕಾರ.