ದೊಡ್ಡ ಪರದೆಗೆ ಮನೆಯ ಕಂಪ್ಯೂಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಗೆ 43 ಇಂಚಿನ ಟೀವಿ ಬಂದ ವಾರದಲ್ಲೇ ನನ್ನ ತಾಯಿ ಒಂದು ಬೇಡಿಕೆ ಇಟ್ಟರು. ಕೋಣೆಯಲ್ಲಿ ಸುಮ್ಮನೆ ಕೂತಿರುವ ಕಂಪ್ಯೂಟರನ್ನು ಈ ಟೀವಿಗೆ ಜೋಡಿಸಿಕೊಟ್ಟರೆ, ಭೂತಗನ್ನಡಿ ಹಿಡಿಯುವ ಕಷ್ಟವಿಲ್ಲದೆ ದಿನಪತ್ರಿಕೆಯ ಪುಟಗಳನ್ನು ಓದಬಹುದು ಎಂಬುದು ಅವರ ಲೆಕ್ಕಾಚಾರ. ಅರ್ಧ ಗಂಟೆಯ ಕೆಲಸವೆಂದುಕೊಂಡು ನಾನು ಕಂಪ್ಯೂಟರಿನ ಡಬ್ಬವನ್ನು ಹೊತ್ತುತಂದು ಟೀವಿಯ ಪಕ್ಕದಲ್ಲಿಟ್ಟು ಕೇಬಲ್ ಸಿಕ್ಕಿಸಿದೆ. ಚಿತ್ರವೇನೋ ಬಂದಿತು. ಆದರೆ ಅದರ ನಾಲ್ಕೂ ಅಂಚುಗಳು ಟೀವಿಯ ಚೌಕಟ್ಟಿನಾಚೆಗೆ ಸರಿದುಹೋಗಿದ್ದವು. ಸ್ಟಾರ್ಟ್ ಗುಂಡಿ ಇರುವ ಕೆಳಪಟ್ಟಿ ಅರ್ಧಕ್ಕೆ ಕತ್ತರಿಸಿದಂತಿತ್ತು, ಅಕ್ಷರಗಳ ಸುತ್ತ ಬೂದು ನೆರಳು ಮೂಡಿತ್ತು, ಒತ್ತಕ್ಷರಗಳು ಒಂದರೊಳಗೊಂದು ಕಲಸಿಕೊಂಡಿದ್ದವು. "ಇದಕ್ಕಿಂತ ಕಾಗದದ ಪೇಪರೇ ವಾಸಿ ಕಣೋ" ಎಂದು ಅವರು ಕನ್ನಡಕ ಮಡಿಸಿಟ್ಟು ಅಡುಗೆಮನೆಗೆ ಹೋದರು.

ಆಮೇಲಿನ ಕೆಲವು ದಿನಗಳಲ್ಲಿ ನಾನು ಕಲಿತದ್ದನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಟೀವಿಯನ್ನು ದೊಡ್ಡದೊಂದು ಮಾನಿಟರ್ ಎಂದು ತಿಳಿಯುವುದೇ ಎಲ್ಲ ತೊಂದರೆಗಳ ಮೂಲ. ತನ್ನೊಳಗೆ ಬರುವುದೆಲ್ಲ ಸಿನಿಮಾ ಅಥವಾ ಕ್ರಿಕೆಟ್ ಪಂದ್ಯವೇ ಆಗಿರುತ್ತದೆ, ಅದನ್ನು ಎಂಟು ಹತ್ತು ಅಡಿ ದೂರದಿಂದ ನೋಡುತ್ತಾರೆ ಎಂದು ನಂಬಿರುವ ಟೀವಿ, ಬಂದ ಚಿತ್ರವನ್ನು ತನಗೆ ತೋಚಿದಂತೆ ಹಿಗ್ಗಿಸುತ್ತದೆ, ಹರಿತಗೊಳಿಸುತ್ತದೆ, ಬಣ್ಣ ತುಂಬುತ್ತದೆ. ಕಂಪ್ಯೂಟರಾದರೋ ಯಾವ ಚುಕ್ಕಿ ಎಲ್ಲಿರಬೇಕು, ಯಾವ ಬಣ್ಣದ್ದಾಗಿರಬೇಕು ಎಂಬುದನ್ನೆಲ್ಲ ಮೊದಲೇ ತೀರ್ಮಾನಿಸಿ ಕಳಿಸಿರುತ್ತದೆ. ಆದ್ದರಿಂದ ಕೇಬಲ್ ಸಿಕ್ಕಿಸಿದ ಮೇಲೆ ಉಳಿಯುವ ನಿಜವಾದ ಕೆಲಸವೆಂದರೆ ಈ ಅತಿ ಉತ್ಸಾಹಿ ಟೀವಿಯನ್ನು ಸುಮ್ಮನಿರಿಸುವುದು.

ಅಂಚು ಕತ್ತರಿಸುವ ಅಭ್ಯಾಸ ಪಿಕ್ಚರ್ ಟ್ಯೂಬಿನ ಕಾಲದಿಂದ ಬಂದದ್ದು. ಆ ಡಬ್ಬಾ ಟೀವಿಗಳಲ್ಲಿ ಚಿತ್ರದ ಅಂಚು ಎಂದೂ ನೇರವಾಗಿ ನಿಲ್ಲುತ್ತಿರಲಿಲ್ಲವಾದ್ದರಿಂದ, ತಯಾರಕರು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚುಗಳನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. 1982ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಗಂಪ್ಯೂಟರನ್ನು ಮನೆಯ ಟೀವಿಯ ಆಂಟೆನಾ ಸಾಕೆಟ್ಟಿಗೇ ಸಿಕ್ಕಿಸಬೇಕಿತ್ತು. ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳ ಅದರ ಚಿತ್ರದ ಸುತ್ತ ಅಗಲವಾದ ಬಣ್ಣದ ಅಂಚೊಂದು ಇರುತ್ತಿತ್ತು. ಟೀವಿ ನುಂಗುವುದಿದ್ದರೆ ಆ ಅಂಚನ್ನು ನುಂಗಲಿ, ಅಕ್ಷರಗಳು ಉಳಿಯಲಿ ಎಂಬ ಉಪಾಯ ಅದರಲ್ಲಿತ್ತು. ಇಂದಿನ ಚಪ್ಪಟೆ ಟೀವಿಗೆ ಹೀಗೆ ನುಂಗಬೇಕಾದ ಅಗತ್ಯವೇ ಇಲ್ಲ. ಆದರೂ ಅನೇಕ ಟೀವಿಗಳು ಕಾರ್ಖಾನೆಯಿಂದಲೇ ಆ ಹಳೆಯ ಚಾಳಿಯನ್ನು ಹೊತ್ತು ಬರುತ್ತವೆ.

ಕತ್ತರಿಸಿಹೋದ ಅಂಚಿಗಿಂತ ದೊಡ್ಡ ನಷ್ಟ ಬೇರೆಯೇ ಇದೆ. ಚಿತ್ರವನ್ನು ನೂರಕ್ಕೆ ಐದರಷ್ಟು ಹಿಗ್ಗಿಸಿದರೂ ಸಾಕು, ಕಂಪ್ಯೂಟರಿನ ಒಂದು ಚುಕ್ಕಿ ಟೀವಿಯ ಒಂದು ಚುಕ್ಕಿಯ ಮೇಲೆ ನೆಟ್ಟಗೆ ಕೂರದೆ ಪಕ್ಕದ ಚುಕ್ಕಿಗೂ ಹರಡಿಕೊಳ್ಳುತ್ತದೆ. ಮುಖ, ಮರ, ಮೈದಾನಗಳಲ್ಲಿ ಇದು ಗೊತ್ತಾಗುವುದಿಲ್ಲ, ಅಕ್ಷರಗಳಲ್ಲಿ ಮಾತ್ರ ಮಂಜು ಕವಿದಂತಾಗುತ್ತದೆ. ಪರಿಹಾರವಿರುವುದು ಟೀವಿಯ ರಿಮೋಟಿನಲ್ಲಿ. ಚಿತ್ರದ ಅಳತೆಯ ಪಟ್ಟಿಯೊಳಗೆ 'ಜಸ್ಟ್ ಸ್ಕ್ಯಾನ್' ಎಂದೋ 'ಸ್ಕ್ರೀನ್ ಫಿಟ್' ಎಂದೋ 'ಒರಿಜಿನಲ್' ಎಂದೋ, ಕಂಪನಿಗೊಂದು ಹೆಸರಿನಲ್ಲಿ ಅಡಗಿರುವ ಆಯ್ಕೆಯನ್ನು ಹುಡುಕಿ ಒತ್ತಿದರೆ ನಾಲ್ಕೂ ಅಂಚುಗಳು ಒಳಕ್ಕೆ ಬಂದು ಕೂರುತ್ತವೆ. ಕಂಪ್ಯೂಟರಿನ ಕಡೆಯಿಂದ ಚಿತ್ರವನ್ನು ಕುಗ್ಗಿಸಿ ಸರಿಮಾಡಿಕೊಳ್ಳುವವರೂ ಇದ್ದಾರೆ. ಅದು ಕುಗ್ಗಿಸಿದ್ದನ್ನು ಟೀವಿ ಮತ್ತೆ ಹಿಗ್ಗಿಸಿ ಅಕ್ಷರವನ್ನು ಎರಡು ಸಲ ಕೆಡಿಸುವ ದಾರಿಯಾದ್ದರಿಂದ, ನಾನಂತೂ ಅದನ್ನು ಯಾರಿಗೂ ಹೇಳುವುದಿಲ್ಲ.

ಕೇಬಲಿನ ವಿಷಯವನ್ನು ಬೇಗ ಮುಗಿಸಬಹುದು. ಹತ್ತು ಹನ್ನೆರಡು ವರ್ಷಗಳಿಂದೀಚಿನ ಬಹುತೇಕ ಕಂಪ್ಯೂಟರುಗಳಲ್ಲಿ 19 ಪಿನ್ನುಗಳ ಎಚ್‌ಡಿಎಂಐ ಪೋರ್ಟ್ ಇದ್ದೇ ಇರುತ್ತದೆ, ಚಿತ್ರ ಧ್ವನಿ ಎರಡೂ ಅದರಲ್ಲೇ ಸಾಗುತ್ತವೆ. 1987ರಲ್ಲಿ ಐಬಿಎಂ ಕಂಪನಿ ಬಳಕೆಗೆ ತಂದ ನೀಲಿ ಬಣ್ಣದ 15 ಪಿನ್ನಿನ ವಿಜಿಎ ಪೋರ್ಟ್ ಮಾತ್ರ ಇದ್ದರೆ, ಅದನ್ನು ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಪೆಟ್ಟಿಗೆ ಬೇಕು, ಧ್ವನಿಗೆ ಬೇರೆಯದೇ ತಂತಿ ಬೇಕು. ಕೆಲವು ಕಂಪ್ಯೂಟರುಗಳಲ್ಲಿರುವ ಡಿಸ್‌ಪ್ಲೇ ಪೋರ್ಟ್ ಎಂಬ ಇನ್ನೊಂದು ಬಗೆಯ ಚಿತ್ರದ ಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್ ಆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ, ತಿರುಗಿಸಿ ಹಾಕಿದರೆ ಇಲ್ಲ. ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಪೋರ್ಟುಗಳಲ್ಲಿ ಕೆಲವು ಚಿತ್ರ ಕಳಿಸುತ್ತವೆ, ಕೆಲವು ಬರೀ ಚಾರ್ಜಿಗೆ ಇರುತ್ತವೆ, ನೋಡಿದರೆ ಎರಡೂ ಒಂದೇ ಥರ. ಚಿತ್ರ ಮೂಡಿಸುವುದಕ್ಕೆಂದೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಕೇಬಲನ್ನು ಆ ಕಾರ್ಡಿನ ಪೋರ್ಟಿಗೇ ಹಾಕಬೇಕು. ಚಿನ್ನದ ಲೇಪನ ಎಂದು ಹೇಳಿ ಅಂಗಡಿಯವರು ನಾಲ್ಕು ಪಟ್ಟು ಬೆಲೆಯ ಕೇಬಲ್ ತೋರಿಸಿದರೆ ನಯವಾಗಿ ಬೇಡವೆನ್ನಿ. ಸಾಗುವುದು ಡಿಜಿಟಲ್ ಸಂಕೇತವಾದ್ದರಿಂದ ಕೇಬಲ್ ಕೆಟ್ಟದ್ದಾದರೆ ಚಿತ್ರ ಮಿಣುಕುತ್ತದೆ ಇಲ್ಲವೇ ಕಾಣದಾಗುತ್ತದೆ, ಕೇಬಲ್ ದುಬಾರಿಯದ್ದಾದರೆ ಬಣ್ಣವೇನೂ ಹೆಚ್ಚು ಹೊಳೆಯುವುದಿಲ್ಲ.

ಸಿಕ್ಕಿಸುವ ಮೊದಲು ನೋಡಬೇಕಾದ ಸಂಗತಿಯೊಂದಿದೆ, ಇದನ್ನು ತುಸು ನಿಧಾನವಾಗಿಯೇ ಹೇಳುತ್ತೇನೆ. ನಿಮ್ಮ ಡೆಸ್ಕ್‌ಟಾಪ್ ಕಂಪ್ಯೂಟರಿನ ಲೋಹದ ಮೈಗೆ ಬರಿಗಾಲಿನಲ್ಲಿ ನಿಂತು ಕೈ ಸೋಕಿಸಿದಾಗ ಎಂದಾದರೂ ಜುಮ್ಮೆಂದದ್ದುಂಟೇ? ಕಂಪ್ಯೂಟರಿನ ಪವರ್ ಸಪ್ಲೈಯೊಳಗೆ, ವಿದ್ಯುತ್ತಿನ ಎರಡೂ ತಂತಿಗಳಿಂದ ಹೊರಮೈಗೆ ಸೇರುವ, ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗಗಳಿರುತ್ತವೆ. ಗೋಡೆಯ ಸಾಕೆಟ್ಟಿನ ಮೂರನೆಯ ಪಿನ್ನು, ಅಂದರೆ ಅರ್ತಿಂಗ್, ಸರಿಯಾಗಿದ್ದರೆ ಅವುಗಳಿಂದ ಸೋರುವ ಅಲ್ಪ ವಿದ್ಯುತ್ತು ನೆಲಕ್ಕಿಳಿದುಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೇಗೋ ತುರುಕಿದ್ದರೆ, ಕಂಪ್ಯೂಟರಿನ ಮೈ ನಮ್ಮ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧದಷ್ಟು ಒತ್ತಡದಲ್ಲಿ ತೇಲುತ್ತಿರುತ್ತದೆ. ಇನ್ನೊಂದು ಬದಿಯಲ್ಲಿ ಟೀವಿಯ ಬೆನ್ನಿಗೆ ಕಂಬದಿಂದ ಬಂದ ಕೇಬಲ್ ತಂತಿಯೋ ಮಾಡಿಯ ಮೇಲಿನ ಡಿಶ್ಶಿನ ತಂತಿಯೋ ಅಂಟಿಕೊಂಡಿರುತ್ತದೆ, ಹಾಗಾಗಿ ಅದರ ಮೈಯ ಒತ್ತಡ ಬೇರೆಯೇ ಇರಬಹುದು. ಈ ಎರಡರ ನಡುವೆ ಎಚ್‌ಡಿಎಂಐ ಕೇಬಲನ್ನು ಸಿಕ್ಕಿಸುವ ಆ ಕ್ಷಣದಲ್ಲಿ ಕಣ್ಣಿಗೂ ಬೀಳದಷ್ಟು ಸಣ್ಣ ಕಿಡಿ ಹಾರಿದರೂ, ಪೋರ್ಟಿನ ಹಿಂದಿರುವ ಐದು ವೋಲ್ಟಿನ ಸೂಕ್ಷ್ಮ ಚಿಪ್ಪಿಗೆ ಅಷ್ಟೇ ಸಾಕಾಗಬಹುದು. ನನ್ನ ಟೀವಿಯ ಮೊದಲನೆಯ ಪೋರ್ಟ್ ಹೀಗೆಯೇ ಸತ್ತಿತು. ಸೆಟ್‌ಟಾಪ್ ಬಾಕ್ಸು ಎರಡನೆಯದರಲ್ಲಿದೆ, ಕಂಪ್ಯೂಟರ್ ಮೂರನೆಯದಕ್ಕೆ ಹೋಗಿದೆ, ಮೊದಲನೆಯದರ ಮೇಲೆ ನಾನೇ ಬಿಳಿ ಟೇಪು ಅಂಟಿಸಿದ್ದೇನೆ.

ಆದ್ದರಿಂದ ಟೀವಿ, ಕಂಪ್ಯೂಟರ್, ಸೆಟ್‌ಟಾಪ್ ಬಾಕ್ಸು ಮೂರರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು, ಡಿಶ್ಶಿನ ತಂತಿಯನ್ನು ಬಿಚ್ಚಿ, ಆಮೇಲೆ ಎಚ್‌ಡಿಎಂಐ ಸಿಕ್ಕಿಸಿ, ಕೊನೆಯಲ್ಲಿ ವಿದ್ಯುತ್ತು ಕೊಡಿ. ಜುಮ್ಮೆನ್ನುವ ಮನೆಯಲ್ಲಿ ಅದಕ್ಕೂ ಮೊದಲು ಎಲೆಕ್ಟ್ರೀಷಿಯನ್ನರನ್ನು ಕರೆಸಿ ಅರ್ತಿಂಗ್ ನೋಡಿಸಿ. ಮಲೆನಾಡಿನ ಗುಡುಗು ಮಿಂಚಿನ ದಿನಗಳಲ್ಲಿ ಡಿಶ್ಶಿನ ತಂತಿ ಕಳಚುವ ರೂಢಿಯಿರುವವರು ಇನ್ನು ಕಂಪ್ಯೂಟರಿನ ಪ್ಲಗ್ಗನ್ನೂ ಕೀಳಬೇಕಾಗುತ್ತದೆ, ಏಕೆಂದರೆ ಈಗ ಎರಡೂ ಒಂದೇ ಸರಪಳಿಯ ಕೊಂಡಿಗಳು.

ಇನ್ನು ಒತ್ತಕ್ಷರಗಳ ಕಥೆ. ಅಂಚು ಸರಿಹೋದ ಮೇಲೂ ನಮ್ಮ ಪರದೆಯಲ್ಲಿ ಕೆಂಪು ಅಕ್ಷರದ ಶೀರ್ಷಿಕೆಗಳು ಕಲಸಿಕೊಂಡೇ ಇದ್ದವು. ಮನುಷ್ಯನ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಇದನ್ನು ಬಲ್ಲ ಸಿನಿಮಾ ಮತ್ತು ಟೀವಿಯ ತಂತ್ರಜ್ಞಾನ, ಪ್ರತಿ ಚುಕ್ಕಿಗೂ ಬೇರೆ ಬೇರೆ ಬೆಳಕನ್ನು ಕೊಟ್ಟು, ನಾಲ್ಕು ಚುಕ್ಕಿಗಳಿಗೆ ಸೇರಿಸಿ ಒಂದೇ ಬಣ್ಣ ಹಂಚುತ್ತದೆ. ಟೀವಿಯು ಕಂಪ್ಯೂಟರಿನ ಚಿತ್ರವನ್ನೂ ಇದೇ ರೀತಿ ನಡೆಸಿಕೊಂಡರೆ, ಬಿಳಿಯ ಮೇಲಿನ ಕಪ್ಪು ಅಕ್ಷರ ಬಚಾವಾಗುತ್ತದೆ, ಬಣ್ಣದ ಅಕ್ಷರ ಕರಗುತ್ತದೆ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಅದನ್ನು ಓದುವವರು ಹೇಗೋ ನಿಭಾಯಿಸಿಯಾರು. ಕನ್ನಡದಲ್ಲಿ ಅರ್ಥವೆಲ್ಲ ಅಕ್ಷರದ ಕೆಳಗೆ ಪುಟ್ಟದಾಗಿ ಜೋತುಬಿದ್ದಿರುತ್ತದೆ. ನಾನು 'ಜ್ಯೋತ್ಸ್ನಾ' ಎಂಬ ಹೆಸರನ್ನು ಸಣ್ಣ ಅಳತೆಯಲ್ಲಿ, ನೀಲಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ಟೈಪಿಸಿ ಪರೀಕ್ಷೆಗೆ ಇಟ್ಟುಕೊಂಡಿದ್ದೇನೆ. ತಕಾರದ ಕೆಳಗಿನ ಸಕಾರ ನಕಾರಗಳ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಜೋಡಣೆ ಸರಿಯಿದೆ ಎಂದು ಲೆಕ್ಕ.

ಈ ಪರೀಕ್ಷೆಯಲ್ಲಿ ನಪಾಸಾದ ಟೀವಿಗೆ ಮದ್ದು ಬಹಳ ಸಲ ಒಂದು ಹೆಸರು ಬದಲಾವಣೆ ಅಷ್ಟೇ. ಇನ್‌ಪುಟ್ಟುಗಳ ಪಟ್ಟಿಯಲ್ಲಿ ಕಂಪ್ಯೂಟರ್ ಸಿಕ್ಕಿಸಿರುವ ಎಚ್‌ಡಿಎಂಐ ಪೋರ್ಟಿನ ಹೆಸರನ್ನು 'ಪಿಸಿ' ಎಂದು ಬದಲಿಸಿದರೆ, ಹಲವು ಟೀವಿಗಳು ಅದನ್ನು ಬರೀ ಹೆಸರೆಂದು ತಿಳಿಯದೆ, ತಮ್ಮ ರಿಪೇರಿ ಕೆಲಸಗಳನ್ನು ನಿಲ್ಲಿಸಿ ಪ್ರತಿ ಚುಕ್ಕಿಗೂ ಅದರದೇ ಬಣ್ಣ ಕೊಡುತ್ತವೆ. ಅಕ್ಷರದ ಸುತ್ತಲಿನ ಬೂದು ನೆರಳು ಶಾರ್ಪ್‌ನೆಸ್ ಎಂಬ ಆಯ್ಕೆಯ ಕೊಡುಗೆ, ಅದನ್ನು ನೆರಳು ಮಾಯವಾಗುವವರೆಗೆ ಇಳಿಸಬೇಕು. ಕಪ್ಪು ಬಣ್ಣ ಬೂದಿಯಂತೆ ಕಂಡರೆ, ಕಂಪ್ಯೂಟರ್ ಕಪ್ಪಿಗೆ 16, ಬಿಳಿಗೆ 235 ಎಂಬ ಟೀವಿಯ ಅಳತೆಯಲ್ಲಿ ಬಣ್ಣ ಕಳಿಸುತ್ತಿದ್ದು, ಟೀವಿ ಕಪ್ಪಿಗೆ 0, ಬಿಳಿಗೆ 255 ಎಂಬ ಕಂಪ್ಯೂಟರಿನ ಅಳತೆಯಲ್ಲಿ ಓದುತ್ತಿದೆ ಎಂದರ್ಥ. ಎರಡು ಕಡೆಯೂ ಒಂದೇ ಅಳತೆ ಇರಿಸಿದರಾಯಿತು.

ಧ್ವನಿ ಟೀವಿಯಲ್ಲಿ ಬಾರದಿದ್ದರೆ, ಕಂಪ್ಯೂಟರ್ ಪರದೆಯ ಮೂಲೆಯಲ್ಲಿರುವ ಸ್ಪೀಕರ್ ಚಿಹ್ನೆಯನ್ನು ಒತ್ತಿ ಟೀವಿಯ ಹೆಸರನ್ನು ಆರಿಸಬೇಕು. ವಿಂಡೋಸ್ ಕೀಲಿಯ ಜೊತೆ 'ಪಿ' ಅಕ್ಷರ ಒತ್ತಿದರೆ ಚಿತ್ರ ಯಾವ ಪರದೆಗೆ ಹೋಗಬೇಕೆಂದು ಕೇಳುತ್ತದೆ. ಇಷ್ಟೇ.

ಕೊನೆಯದಾಗಿ ಅಕ್ಷರದ ಗಾತ್ರ. 43 ಇಂಚಿನ ಟೀವಿಯಲ್ಲಿ ಅಡ್ಡಕ್ಕೆ 1920 ಚುಕ್ಕಿಗಳಿದ್ದರೆ ಇಂಚಿಗೆ 51 ಚುಕ್ಕಿ ಬೀಳುತ್ತದೆ, 3840 ಇದ್ದರೆ 102. ಎಂದರೆ ಅಂಥ ಫೋರ್‌ಕೆ ಟೀವಿ, ಇಪ್ಪತ್ತೊಂದೂವರೆ ಇಂಚಿನ ನಾಲ್ಕು ಸಾಮಾನ್ಯ ಮಾನಿಟರುಗಳನ್ನು ಅಂಟಿಸಿಟ್ಟಂತೆ. ನಮ್ಮ ಹಳೆಯ ಕಂಪ್ಯೂಟರಿನ ಎಚ್‌ಡಿಎಂಐ 1.4ನೆಯ ಆವೃತ್ತಿಯದಾದ್ದರಿಂದ ಅಷ್ಟು ಚುಕ್ಕಿಗಳನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು, 60 ಸಲಕ್ಕೆ 2.0 ಆವೃತ್ತಿ ಬೇಕು. 30ರಲ್ಲಿ ಮೌಸಿನ ಬಾಣ ಸೋಮಾರಿಯಂತೆ ಎಳೆದಾಡುತ್ತದೆ. ಆದರೆ ಪತ್ರಿಕೆಯ ಅಕ್ಷರಗಳು ಓಡುವುದಿಲ್ಲವಲ್ಲ! ಓದುವುದಕ್ಕೆ ಚುಕ್ಕಿಗಳ ಸಂಖ್ಯೆಯೇ ಮುಖ್ಯವೆಂದು ನಾನು 3840ನ್ನೇ ಇಟ್ಟು, ಅಕ್ಷರ ಚಿಹ್ನೆಗಳನ್ನು ದೊಡ್ಡದಾಗಿಸುವ ವಿಂಡೋಸಿನ ಸ್ಕೇಲಿಂಗನ್ನು ಶೇಕಡಾ 200ಕ್ಕೆ ಏರಿಸಿದ್ದೇನೆ. ತಂತಿಯಿಲ್ಲದ ಮೌಸು ಮೊದಮೊದಲು ತಡವರಿಸುತ್ತಿತ್ತು. ಅದರ ಪುಟ್ಟ ರಿಸೀವರ್ ಲೋಹದ ಡಬ್ಬದ ಬೆನ್ನಿನಲ್ಲಿದ್ದುದೇ ಕಾರಣ, ಒಂದು ಅಡಿಯ ಯುಎಸ್‌ಬಿ ತಂತಿ ಹಾಕಿ ಮುಂದಕ್ಕೆ ತಂದಾಗ ಸರಿಹೋಯಿತು.

ಈಗ ಅಮ್ಮ ಏಳು ಅಡಿ ದೂರದ ಬೆತ್ತದ ಕುರ್ಚಿಯಲ್ಲಿ ಕುಳಿತು, ಮೌಸನ್ನು ತೊಡೆಯ ಮೇಲಿನ ಮಣೆಯ ಮೇಲೆ ಆಡಿಸುತ್ತ, ಸಂಪಾದಕೀಯದವರೆಗೆ ಟೀವಿಯಲ್ಲೇ ಓದುತ್ತಾರೆ. ಪದಬಂಧಕ್ಕೆ ಮಾತ್ರ ಕಾಗದದ ಪೇಪರೇ ಆಗಬೇಕಂತೆ. ನಮಸ್ಕಾರ.